ಎಲ್ಲರಿಗೂ ಫುಲ್ ಕಂಟ್ರೋಲ್

ನಮ್ಮ ಉದ್ಯಮದಲ್ಲಿ ಅತಿ ಹೆಚ್ಚು ಜನ ಬರೆಯುವ, ಅತಿ ಕಡಿಮೆ ಜನ ಓದುವ ಸಾಹಿತ್ಯ ಪ್ರಕಾರ ಯಾವುದು ಅಂತ ಕೇಳಿದ್ರೆ ‘ಬೆಸ್ಟ್ ಪ್ರಾಕ್ಟೀಸಸ್’ ಅಂತ ಕಣ್ಣು ಮುಚ್ಚಿಕೊಂಡು ಹೇಳ್ತೀನಿ. ಕಥೆ, ಕವನ, ಕಾದಂಬರಿಗೆಲ್ಲ ವಿಮರ್ಶಕರಿದ್ದಾರೆ. ಈ ಪಾಪದ ಪಿಡಿಎಫ್‌ಗಳಿಗೆ ಯಾರೂ ಇಲ್ಲ. ಹಬ್ಬದ ಹಿತ್ತಾಳೆ ಪಾತ್ರೆಗಳ ಹಾಗೆ ಆಡಿಟ್‌ನವರು ಬರ್ತಾರೆ ಅಂದಾಗ ಹೊರಗೆ ತೆಗೆದು ಉಜ್ಜುತ್ತಾರೆ, ಅವರು ಹೋದ ಮೇಲೆ ಅಟ್ಟಕ್ಕೆ ಹಾಕ್ತಾರೆ. ಹಾಗಾಗಿ ಈ ಸಲ ಇದರದೇ ಒಂದು ವಿಮರ್ಶೆ ಮಾಡೋಣ ಅಂತ. ಎಲ್ಲ ಬೆಸ್ಟ್ ಪ್ರಾಕ್ಟೀಸ್ ಬಗ್ಗೆ ಬರೆಯೋಕೆ ಒಂದು ಪುಸ್ತಕವೇ ಬೇಕು. ಕಂಪನಿಯ ಶೇರ್ಡ್ ಫೋಲ್ಡರ್‌ನಲ್ಲಿ ಯಾರಿಗೆ ಎಷ್ಟು ಆಕ್ಸೆಸ್ ಕೊಡಬೇಕು ಅಂತ ಉಪದೇಶ ಮಾಡುವ ಡಾಕ್ಯುಮೆಂಟ್ ಒಂದನ್ನೇ ಹಿಡಿದುಕೊಳ್ಳೋಣ.

ಯಾವ ಕಂಪನಿಯದನ್ನು ಬೇಕಾದ್ರೂ ತೆಗೆದು ನೋಡಿ, ಅದರಲ್ಲಿ ನಾಲ್ಕು ಮಾತು ಇದ್ದೇ ಇರುತ್ತೆ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅನುಮತಿ ಕೊಡಿ. ವ್ಯಕ್ತಿಗೆ ಕೊಡಬೇಡಿ, ಗ್ರೂಪ್‌ಗೆ ಕೊಡಿ. ಮೂರು ತಿಂಗಳಿಗೊಮ್ಮೆ ಪರಿಶೀಲಿಸಿ. ಲಾಗ್ ಇಟ್ಟುಕೊಳ್ಳಿ. ಇದರಲ್ಲಿ ತಪ್ಪು ಹುಡುಕೋಕೆ ಆಗಲ್ಲ, ಅದೇ ತೊಂದರೆ. ‘ಬೆಳಿಗ್ಗೆ ಬೇಗ ಏಳು, ಎಣ್ಣೆ ಪದಾರ್ಥ ಕಡಿಮೆ ತಿನ್ನು’ ಅನ್ನೋದರಲ್ಲೂ ತಪ್ಪು ಹುಡುಕೋಕೆ ಆಗಲ್ಲ. ಆಕ್ಸೆಸ್ ಕೊಡುವ ದಿನ ಏನು ಮಾಡಬೇಕು ಅನ್ನೋದನ್ನ ಈ ಡಾಕ್ಯುಮೆಂಟುಗಳು ಹತ್ತು ಪುಟ ಹೇಳುತ್ತವೆ. ಕೊಟ್ಟಿದ್ದನ್ನು ವಾಪಸ್ ತಗೊಳ್ಳೋದು ಯಾವತ್ತು, ಯಾರು, ಹೇಗೆ ಅನ್ನೋದಕ್ಕೆ ಒಂದು ಸಾಲು. ಆ ಸಾಲಿನಲ್ಲೂ ಕರ್ತೃಪದ ಇರಲ್ಲ. ‘ಪರಿಶೀಲಿಸತಕ್ಕದ್ದು’ ಅಂತ ಇರುತ್ತೆ. ಯಾರು ಸ್ವಾಮಿ?

ಡಾಕ್ಯುಮೆಂಟ್‌ನ ಆಚೆ ನಿಜವಾಗಿ ಏನಾಗುತ್ತೆ ಅಂತ ನಿಮಗೂ ಗೊತ್ತು. ಶುಕ್ರವಾರ ಸಂಜೆ ಐದೂವರೆ. ರಾತ್ರಿ ರಿಲೀಸ್ ಇದೆ. ಯಾರೋ ಒಬ್ಬರಿಗೆ ಫೋಲ್ಡರ್ ತೆರೆಯುತ್ತಿಲ್ಲ. ಟಿಕೆಟ್ ಹಾಕ್ತಾರೆ, ಮೇಲೆ ‘ಅರ್ಜೆಂಟ್’ ಅಂತ ಬರೀತಾರೆ, ಮ್ಯಾನೇಜರನ್ನು ಸಿಸಿಯಲ್ಲಿ ಇಡ್ತಾರೆ. ಆ ಕಡೆ ಹೆಲ್ಪ್‌ಡೆಸ್ಕ್‌ನಲ್ಲಿ ಕೂತ ಹುಡುಗನಿಗೆ ಆ ಫೋಲ್ಡರ್‌ನಲ್ಲಿ ಏನಿದೆ ಅಂತ ಗೊತ್ತಿಲ್ಲ, ಕೇಳ್ತಿರೋರು ಯಾರು ಅಂತ ಗೊತ್ತಿಲ್ಲ. ಅವನಿಗೆ ಗೊತ್ತಿರೋದು ಎಸ್‌ಎಲ್‌ಎ ಗಡಿಯಾರ ಓಡ್ತಿದೆ ಅನ್ನೋದು ಮಾತ್ರ. ‘ರೀಡ್’ ಕೊಟ್ರೆ ‘ಸೇವ್ ಆಗ್ತಿಲ್ಲ’ ಅಂತ ಇನ್ನೊಂದು ಟಿಕೆಟ್ ಬರುತ್ತೆ. ‘ಫುಲ್ ಕಂಟ್ರೋಲ್’ ಕೊಟ್ರೆ ಯಾರೂ ಏನೂ ಅನ್ನಲ್ಲ, ಮೇಲೆ ಐದು ಸ್ಟಾರ್ ಫೀಡ್‌ಬ್ಯಾಕ್ ಬರುತ್ತೆ. ಜಾಸ್ತಿ ಕೊಟ್ಟಿದ್ದಕ್ಕೆ ಬೈಸಿಕೊಂಡ ಹೆಲ್ಪ್‌ಡೆಸ್ಕ್ ಹುಡುಗನನ್ನು ನಾನಂತೂ ನೋಡಿಲ್ಲ. ಕಡಿಮೆ ಕೊಟ್ಟು ಬೈಸಿಕೊಂಡವರನ್ನು ವಾರಕ್ಕೊಬ್ಬರಂತೆ ನೋಡಿದ್ದೀನಿ. ಲಾಭ-ನಷ್ಟದ ಲೆಕ್ಕ ಹೀಗಿರುವಾಗ ‘ಲೀಸ್ಟ್ ಪ್ರಿವಿಲೇಜ್’ ಅಂತ ಗೋಡೆ ಮೇಲೆ ಬರೆದು ಅಂಟಿಸಿದರೆ ಗೋಡೆಗೆ ಮಾತ್ರ ಅಂಟಿಕೊಳ್ಳುತ್ತೆ.

ಇನ್ನು ಉಪಕರಣದ ವಿಷಯಕ್ಕೆ ಬರೋಣ. ವಿಂಡೋಸ್ ಫೈಲ್ ಸರ್ವರನ್ನೇ ತಗೊಳ್ಳಿ, ಇವತ್ತಿಗೂ ಎಷ್ಟೋ ಕಂಪನಿಗಳ ಬೆನ್ನೆಲುಬು ಅದು. ಅಲ್ಲಿ ಒಂದೇ ಕೋಣೆಗೆ ಎರಡು ಬಾಗಿಲು. ಹೊರಬಾಗಿಲು ಶೇರ್ ಪರ್ಮಿಷನ್. ಒಳಬಾಗಿಲು ಎನ್‌ಟಿಎಫ್‌ಎಸ್ ಪರ್ಮಿಷನ್. ನೆಟ್‌ವರ್ಕ್ ಮೂಲಕ ಬಂದವರಿಗೆ ಎರಡರಲ್ಲಿ ಯಾವುದು ಬಿಗಿಯೋ ಅದೇ ಲೆಕ್ಕಕ್ಕೆ. ಸರ್ವರ್‌ಗೇ ನೇರ ಲಾಗಿನ್ ಆಗಿ ಡ್ರೈವ್ ತೆರೆದವರಿಗೆ ಹೊರಬಾಗಿಲು ಇಲ್ಲವೇ ಇಲ್ಲ. ಹಾಗಾಗಿ ಹಳೇ ಅಡ್ಮಿನ್‌ಗಳ ಒಂದು ಪ್ರಸಿದ್ಧ ಬೆಸ್ಟ್ ಪ್ರಾಕ್ಟೀಸ್ ಇದೆ: ಹೊರಬಾಗಿಲಲ್ಲಿ ‘ಎವ್ರಿಒನ್ – ಫುಲ್ ಕಂಟ್ರೋಲ್’ ಅಂತ ಹಾಕಿ, ಎಲ್ಲ ಬಿಗಿಯನ್ನೂ ಒಳಬಾಗಿಲಲ್ಲೇ ಮಾಡಿ. ಮೊದಲ ಸಲ ಓದಿದವರಿಗೆ ಎದೆ ಧಸಕ್ಕೆನ್ನುತ್ತೆ. ಆದ್ರೆ ತರ್ಕ ಸರಿಯಾಗೇ ಇದೆ. ಎರಡು ಕಡೆ ಲೆಕ್ಕ ಇಟ್ರೆ ಎರಡೂ ತಾಳೆಯಾಗಲ್ಲ, ಒಂದೇ ಕಡೆ ಇಡಿ ಅನ್ನೋದು ಅದರ ಅರ್ಥ.

ನನ್ನ ತಕರಾರು ತರ್ಕದ ಮೇಲಲ್ಲ, ಈ ಸಲಹೆ ಪಯಣಿಸುವ ರೀತಿಯ ಮೇಲೆ. ಇಂಥ ಸಲಹೆಗಳು ಒಬ್ಬರಿಂದ ಒಬ್ಬರಿಗೆ ದಾಟುವಾಗ ಅರ್ಧ ದಾರಿಯಲ್ಲಿ ಉದುರಿಹೋಗುತ್ತವೆ. ‘ಎವ್ರಿಒನ್ ಫುಲ್ ಕಂಟ್ರೋಲ್ ಹಾಕು, ಅದೇ ಬೆಸ್ಟ್ ಪ್ರಾಕ್ಟೀಸ್’ ಅನ್ನೋ ಮೊದಲರ್ಧ ತಲುಪುತ್ತೆ. ‘ಒಳಬಾಗಿಲು ಬಿಗಿ ಮಾಡು’ ಅನ್ನೋ ಎರಡನೇ ಅರ್ಧ ಹಳಬರ ಜೊತೆಗೇ ರಾಜೀನಾಮೆ ಕೊಟ್ಟು ಹೋಗಿರುತ್ತೆ. ಒಂದು ಸಲಹೆಯ ಅರ್ಧ ಭಾಗ ಕೇಳಿಸಿಕೊಂಡರೆ ಪೂರ್ತಿ ಅನಾಹುತ ಆಗುತ್ತೆ ಅಂದ್ರೆ ಅದನ್ನು ಒಳ್ಳೇ ಸಲಹೆ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ. ಅಂದಹಾಗೆ, ದಿನನಿತ್ಯದ ಕೆಲಸಕ್ಕೆ ಯಾವ ಉದ್ಯೋಗಿಗೂ ಫುಲ್ ಕಂಟ್ರೋಲ್ ಬೇಕಾಗಲ್ಲ. ಬರೆಯೋಕೆ, ತಿದ್ದೋಕೆ, ಅಳಿಸೋಕೆ ‘ಮಾಡಿಫೈ’ ಸಾಕು. ಫುಲ್ ಕಂಟ್ರೋಲ್ ಅದರ ಮೇಲೆ ಕೊಡೋದು ಮುಖ್ಯವಾಗಿ ಎರಡು: ಪರ್ಮಿಷನ್ನನ್ನೇ ಬದಲಾಯಿಸುವ ಅಧಿಕಾರ, ಮಾಲೀಕತ್ವವನ್ನೇ ಕಿತ್ತುಕೊಳ್ಳುವ ಅಧಿಕಾರ. ಅಂದ್ರೆ ಬಾಡಿಗೆಗೆ ಬಂದವನಿಗೆ ಮನೆ ಕೀಲಿಯ ಜೊತೆ ಕ್ರಯಪತ್ರವನ್ನೂ ಕೊಟ್ಟ ಹಾಗೆ.

‘ವ್ಯಕ್ತಿಗೆ ಬೇಡ, ಗ್ರೂಪ್‌ಗೆ ಕೊಡಿ’ ಅನ್ನೋದು ಅಪ್ಪಟ ಚಿನ್ನದಂಥ ಮಾತು. ವ್ಯಕ್ತಿಗೆ ನೇರವಾಗಿ ಕೊಟ್ಟು, ಅವರು ಕಂಪನಿ ಬಿಟ್ಟ ಮೇಲೆ ಅಕೌಂಟ್ ಅಳಿಸಿದ್ರೆ, ಫೋಲ್ಡರ್‌ನ ಸೆಕ್ಯುರಿಟಿ ಟ್ಯಾಬ್‌ನಲ್ಲಿ ಹೆಸರಿನ ಜಾಗದಲ್ಲಿ ಎಸ್-1-5-21 ಅಂತ ಶುರುವಾಗುವ ಉದ್ದನೆಯ ಅಂಕಿ ಉಳಿಯುತ್ತೆ. ದೇಹ ಹೋಗಿದೆ, ಪಿಂಡ ಹಾಕಿಲ್ಲ. ಹತ್ತು ವರ್ಷದ ಹಳೇ ಸರ್ವರ್‌ನಲ್ಲಿ ಇಂಥ ಪ್ರೇತಗಳು ಫೋಲ್ಡರ್‌ಗೆ ನಾಲ್ಕೈದು ಸಿಗ್ತವೆ. ಹಾಗಿದ್ರೂ ಜನ ಯಾಕೆ ವ್ಯಕ್ತಿಗೇ ಕೊಡ್ತಾರೆ? ಸೋಮಾರಿತನ ಅಂತ ಡಾಕ್ಯುಮೆಂಟ್ ಬರೆದವರು ಅಂದುಕೊಳ್ತಾರೆ. ನಿಜವಾದ ಕಾರಣ ಬೇರೆ ಇದೆ. ನೀವು ಲಾಗಿನ್ ಆದಾಗ ನಿಮ್ಮ ಗ್ರೂಪ್‌ಗಳ ಪಟ್ಟಿ ಒಂದು ಟೋಕನ್‌ಗೆ ಸೇರುತ್ತೆ. ಆಮೇಲೆ ನಿಮ್ಮನ್ನು ಹೊಸ ಗ್ರೂಪ್‌ಗೆ ಸೇರಿಸಿದರೂ, ಲಾಗ್ ಆಫ್ ಆಗಿ ಮತ್ತೆ ಬರುವ ತನಕ ಆ ಟೋಕನ್‌ಗೆ ಅದು ಗೊತ್ತಾಗಲ್ಲ. ‘ಸೇರಿಸಿದ್ದೀನಿ’ ಅಂತ ಹುಡುಗ ಹೇಳ್ತಾನೆ, ‘ಬರ್ತಿಲ್ಲ’ ಅಂತ ಇವರು ಕೂಗ್ತಾರೆ. ಹತ್ತು ನಿಮಿಷ ಜಗಳ ಆಡಿ ಕೊನೆಗೆ ಅವನು ಹೆಸರನ್ನೇ ನೇರವಾಗಿ ಫೋಲ್ಡರ್ ಮೇಲೆ ಹಾಕ್ತಾನೆ. ತಕ್ಷಣ ತೆರೆಯುತ್ತೆ. ಈ ಒಂದು ಸಣ್ಣ ವಿವರ ‘ಲಾಗ್ ಆಫ್ ಆಗಿ ಬನ್ನಿ ಅಂತ ಹೇಳಿ’ ಅಂತ ಡಾಕ್ಯುಮೆಂಟ್‌ನಲ್ಲಿದ್ದಿದ್ರೆ ಅರ್ಧ ಪ್ರೇತಗಳು ಹುಟ್ಟುತ್ತಲೇ ಇರಲಿಲ್ಲ. ಇದರ ಉಲ್ಟಾ ಮುಖ ಇನ್ನೂ ಭಯಂಕರ: ಗ್ರೂಪ್‌ನಿಂದ ತೆಗೆದರೂ ಹಳೇ ಟೋಕನ್ ಇಟ್ಟುಕೊಂಡವರು ಸೆಷನ್ ಮುಗಿಯುವ ತನಕ ಒಳಗೇ ಇರ್ತಾರೆ.

ಇನ್ನೊಂದು ಇದೆ, ಇದನ್ನ ಸಂದರ್ಶನದಲ್ಲಿ ಕೇಳ್ತಾರೆ, ಕೆಲಸದಲ್ಲಿ ಮರೀತಾರೆ. ಫೈಲನ್ನು ಕಾಪಿ ಮಾಡಿದರೆ ಅದು ಹೋದ ಮನೆಯ ನಿಯಮ ಕಲಿಯುತ್ತೆ. ಅದೇ ಡ್ರೈವ್‌ನೊಳಗೆ ಮೂವ್ ಮಾಡಿದರೆ ತವರಿನ ನಿಯಮವನ್ನೇ ಹೊತ್ತುಕೊಂಡು ಹೋಗುತ್ತೆ. ಎಲ್ಲರೂ ಓದಬಹುದಾದ ‘ಕಾಮನ್’ ಫೋಲ್ಡರ್‌ನಿಂದ ಸಂಬಳದ ಶೀಟನ್ನು ಎಚ್‌ಆರ್ ಫೋಲ್ಡರ್‌ಗೆ ಎಳೆದು ಹಾಕಿ ‘ಅಬ್ಬಾ, ಸೇಫ್’ ಅಂತ ನಿಟ್ಟುಸಿರು ಬಿಟ್ಟವರ ಶೀಟು ಸೇಫ್ ಆಗಿರಬೇಕಿಲ್ಲ. ‘ಡಿನೈ’ ಯಾವಾಗಲೂ ಗೆಲ್ಲುತ್ತೆ ಅನ್ನೋದೂ ಅರ್ಧಸತ್ಯವೇ. ಮೇಲಿನ ಫೋಲ್ಡರ್‌ನಿಂದ ಬಳುವಳಿಯಾಗಿ ಬಂದ ಡಿನೈಯನ್ನು, ಫೈಲ್ ಮೇಲೆ ನೇರವಾಗಿ ಬರೆದ ಅಲೋ ಸೋಲಿಸುತ್ತೆ. ಇಷ್ಟೆಲ್ಲ ನೆನಪಿಟ್ಟುಕೊಂಡು ಶುಕ್ರವಾರ ಐದೂವರೆಗೆ ಸರಿಯಾದ ಬಟನ್ ಒತ್ತಬೇಕಾದ್ದು ಕಂಪನಿಯಲ್ಲಿ ಅತಿ ಕಡಿಮೆ ಸಂಬಳದ ಹುಡುಗ.

‘ಅದೆಲ್ಲ ಹಳೇ ಕಾಲದ್ದು, ಈಗ ಕ್ಲೌಡ್’ ಅಂತೀರಾ? ಕ್ಲೌಡ್‌ನಲ್ಲಿ ಬಾಗಿಲು ಜಾಸ್ತಿಯಾಯ್ತು, ಮೇಲೆ ಬೀದಿ ಕಡೆಗೇ ತೆರೆಯುವ ಬಾಗಿಲು ಒಂದು ಹೊಸದಾಗಿ ಬಂತು. ಅಮೆಜಾನ್ ಎಸ್3ಯಲ್ಲಿ ‘ಅಥೆಂಟಿಕೇಟೆಡ್ ಯೂಸರ್ಸ್’ ಅನ್ನೋ ಗುಂಪೊಂದಿದೆ. ವಿಂಡೋಸ್ ಹಿನ್ನೆಲೆಯಿಂದ ಬಂದವರು ಆ ಹೆಸರನ್ನು ‘ನಮ್ಮ ಕಂಪನಿಯಲ್ಲಿ ಲಾಗಿನ್ ಆದವರು’ ಅಂತ ಓದ್ಕೋತಾರೆ, ಯಾಕಂದ್ರೆ ವಿಂಡೋಸ್ ಡೊಮೇನ್‌ನಲ್ಲಿ ಅದರ ಅರ್ಥ ಹೆಚ್ಚುಕಡಿಮೆ ಅದೇ. ಎಸ್3ಯಲ್ಲಿ ಅದರ ಅರ್ಥ ಪ್ರಪಂಚದಲ್ಲಿ ಎಡಬ್ಲ್ಯೂಎಸ್ ಅಕೌಂಟ್ ಇರುವ ಯಾರು ಬೇಕಾದರೂ ಅಂತ. ಅಕೌಂಟ್ ಪುಕ್ಕಟೆ ಸಿಗುತ್ತೆ. 2017ರಲ್ಲಿ ಅಮೆರಿಕದ ಡೌ ಜೋನ್ಸ್ ಕಂಪನಿಯ ಗ್ರಾಹಕರ ವಿವರ ಬಯಲಾಗಿದ್ದು ಇದೇ ಆಯ್ಕೆಯಿಂದ. 22 ಲಕ್ಷ ಜನರದ್ದು ಅಂತ ಕಂಪನಿಯೇ ಒಪ್ಪಿಕೊಂಡಿತು. ವಾಲ್ ಸ್ಟ್ರೀಟ್ ಜರ್ನಲ್ ಹೊರತರುವ ಕಂಪನಿ ಸ್ವಾಮಿ, ಓದುಬರಹ ಬಾರದವರೇನಲ್ಲ. ಅದೇ ವರ್ಷ ಡೀಪ್ ರೂಟ್ ಅನಾಲಿಟಿಕ್ಸ್ ಅನ್ನೋ ಸಂಸ್ಥೆಯ ಬಕೆಟ್‌ನಲ್ಲಿ ಸುಮಾರು 19.8 ಕೋಟಿ ಅಮೆರಿಕನ್ ಮತದಾರರ ಮಾಹಿತಿ ಪಾಸ್‌ವರ್ಡ್ ಇಲ್ಲದೆ ಬಿದ್ದಿತ್ತು.

ಆಗಲೂ ಅಮೆಜಾನ್‌ನ ಬೆಸ್ಟ್ ಪ್ರಾಕ್ಟೀಸ್ ಪುಟಗಳು ಇದ್ದವು, ಚೆನ್ನಾಗೇ ಇದ್ದವು. ಪರಿಸ್ಥಿತಿ ಬದಲಾಯಿಸಿದ್ದು ಅವಲ್ಲ. 2018ರ ನವೆಂಬರ್‌ನಲ್ಲಿ ‘ಬ್ಲಾಕ್ ಪಬ್ಲಿಕ್ ಆಕ್ಸೆಸ್’ ಅನ್ನೋ ಮೇನ್ ಸ್ವಿಚ್ ಬಂತು. 2023ರ ಏಪ್ರಿಲ್‌ನಿಂದ ಹೊಸ ಬಕೆಟ್‌ಗಳಲ್ಲೆಲ್ಲ ಅದು ತಾನಾಗೇ ಆನ್ ಆಗಿರುತ್ತೆ, ಹಳೇ ಎಸಿಎಲ್ ಪದ್ಧತಿ ತಾನಾಗೇ ಆಫ್. ಎಸ್3 ಶುರುವಾಗಿದ್ದು 2006ರಲ್ಲಿ. ಹದಿನೇಳು ವರ್ಷ ‘ಜಾಗ್ರತೆಯಿಂದಿರಿ’ ಅಂತ ಬರೆದು ಆಮೇಲೆ ಜಾಗ್ರತೆಯನ್ನೇ ಡೀಫಾಲ್ಟ್ ಮಾಡಿದರು. ಡೀಫಾಲ್ಟ್ ಮಾಡೋಕೆ ಸಾಧ್ಯವಿದ್ದದ್ದನ್ನು ಡಾಕ್ಯುಮೆಂಟ್‌ನಲ್ಲಿ ಬರೆದರೆ ಅದು ಬಳಕೆದಾರರ ತಲೆ ಮೇಲೆ ಜವಾಬ್ದಾರಿ ಹಾಕಿ ಕೈ ತೊಳೆದುಕೊಂಡ ಹಾಗೆ ಅನ್ನೋದು ನನ್ನ ಅಭಿಪ್ರಾಯ. ಕಠಿಣ ಅನಿಸಬಹುದು, ಇರಲಿ.

ನನ್ನ ವಾದಕ್ಕೆ ಅತ್ಯುತ್ತಮ ಸಾಕ್ಷಿ ಮಾತ್ರ ಮೈಕ್ರೋಸಾಫ್ಟ್‌ನದ್ದು. ಅವರ ಅಜ್ಯೂರ್ ಸ್ಟೋರೇಜ್‌ನಲ್ಲಿ ಸಾಸ್ ಟೋಕನ್ ಅಂತ ಇದೆ. ಫೈಲ್‌ಗೆ ಒಂದು ಲಿಂಕ್, ಲಿಂಕ್‌ನೊಳಗೇ ಅನುಮತಿ, ಅದರಲ್ಲೇ ಅವಧಿ. ಲಿಂಕ್ ಸಿಕ್ಕವರು ಒಳಗೆ. ‘ಅವಧಿಯನ್ನು ಚಿಕ್ಕದಾಗಿಡಿ’ ಅಂತ ಅದರ ಬೆಸ್ಟ್ ಪ್ರಾಕ್ಟೀಸ್ ಪುಟದಲ್ಲೇ ಹೇಳಿದೆ. ಈಗ ಕೇಳಿ. ಅದೇ ಕಂಪನಿಯ ಎಐ ಸಂಶೋಧಕರು 2020ರ ಜುಲೈನಲ್ಲಿ ಗಿಟ್‌ಹಬ್‌ನಲ್ಲಿ ಚಿತ್ರ ಗುರುತಿಸುವ ಮಾಡೆಲ್‌ಗಳನ್ನು ಹಂಚಿಕೊಳ್ಳಲು ಇಂಥ ಒಂದು ಲಿಂಕ್ ಹಾಕಿದರು. ಹಂಚಬೇಕಾಗಿದ್ದು ಕೆಲವು ಫೈಲು. ಲಿಂಕ್ ತೆರೆದದ್ದು ಇಡೀ ಸ್ಟೋರೇಜ್ ಅಕೌಂಟು. ಓದೋಕಷ್ಟೇ ಕೊಟ್ಟಿದ್ರೂ ಆಗ್ತಿತ್ತು. ಕೊಟ್ಟಿದ್ದು, ಹೌದು, ಫುಲ್ ಕಂಟ್ರೋಲ್. 2021ರ ಅಕ್ಟೋಬರ್‌ನಲ್ಲಿ ಅವಧಿ ಮುಗಿಯಿತು. ಅವರು ಏನು ಮಾಡಿದರು? ನವೀಕರಿಸಿದರು. ಎಲ್ಲಿಯ ತನಕ? 2051ರ ಅಕ್ಟೋಬರ್ ತನಕ. ಮೂವತ್ತು ವರ್ಷದ ಗುತ್ತಿಗೆ!

2023ರ ಜೂನ್‌ನಲ್ಲಿ ವಿಝ್ ಅನ್ನೋ ಸೆಕ್ಯುರಿಟಿ ಕಂಪನಿಯವರು ಇದನ್ನು ಕಂಡು ತಿಳಿಸಿದರು, ಎರಡು ದಿನದಲ್ಲಿ ಟೋಕನ್ ರದ್ದಾಯ್ತು, ಸೆಪ್ಟೆಂಬರ್‌ನಲ್ಲಿ ಸುದ್ದಿ ಹೊರಬಿತ್ತು. ಒಟ್ಟು 38 ಟೆರಾಬೈಟ್. ಅದರಲ್ಲಿ ಇಬ್ಬರು ಉದ್ಯೋಗಿಗಳ ಕಂಪ್ಯೂಟರ್‌ಗಳ ಬ್ಯಾಕಪ್, ಪಾಸ್‌ವರ್ಡ್‌ಗಳು, 30,000ಕ್ಕೂ ಹೆಚ್ಚು ಟೀಮ್ಸ್ ಮೆಸೇಜ್‌ಗಳು. ಗ್ರಾಹಕರ ಮಾಹಿತಿ ಏನೂ ಹೋಗಿಲ್ಲ ಅಂತ ಮೈಕ್ರೋಸಾಫ್ಟ್ ಹೇಳಿತು. ಇರಬಹುದು. ನನ್ನ ಪ್ರಶ್ನೆ ಸಂಶೋಧಕರಿಗಲ್ಲ. 2051 ಅಂತ ಟೈಪ್ ಮಾಡಿದಾಗ ಸುಮ್ಮನೆ ಒಪ್ಪಿಕೊಂಡ ಸಾಫ್ಟ್‌ವೇರ್‌ಗೆ. ಬಸ್ ಪಾಸ್ ಕೊಡುವ ಗುಮಾಸ್ತ ಕೂಡ ಮೂವತ್ತು ವರ್ಷಕ್ಕೆ ಪಾಸ್ ಕೇಳಿದ್ರೆ ಕನ್ನಡಕದ ಮೇಲಿಂದ ಒಮ್ಮೆ ನೋಡ್ತಾನೆ. ಇನ್ನೂ ಕೆಟ್ಟದ್ದೇನಂದ್ರೆ ಅಕೌಂಟ್ ಕೀಲಿಯಿಂದ ಸಹಿ ಮಾಡಿದ ಇಂಥ ಟೋಕನ್‌ಗಳು ಎಷ್ಟು ಹೊರಗಿವೆ ಅಂತ ಅಜ್ಯೂರ್ ಪಟ್ಟಿ ಇಟ್ಟುಕೊಳ್ಳಲ್ಲ. ರದ್ದು ಮಾಡಬೇಕಂದ್ರೆ ಕೀಲಿಯನ್ನೇ ಬದಲಾಯಿಸಬೇಕು, ಆಗ ಅದೇ ಕೀಲಿ ನಂಬಿಕೊಂಡ ಎಲ್ಲವೂ ಒಟ್ಟಿಗೆ ನಿಲ್ಲುತ್ತೆ. ಅದೇ ಅಜ್ಯೂರ್‌ನಲ್ಲಿ ಬಳಕೆದಾರನ ಗುರುತಿನ ಮೇಲೆ ಕೊಡುವ ಇನ್ನೊಂದು ಬಗೆಯ ಟೋಕನ್ ಇದೆ, ಅದು ಏಳು ದಿನಕ್ಕಿಂತ ಹೆಚ್ಚು ಬದುಕಲ್ಲ. ಅಂದ್ರೆ ಮಿತಿ ಹಾಕೋಕೆ ಅವರಿಗೆ ಬರುತ್ತೆ. ಒಂದು ಕಡೆ ಹಾಕಿದರು, ಇನ್ನೊಂದು ಕಡೆ ಡಾಕ್ಯುಮೆಂಟ್ ಬರೆದರು.

ಈಗ ಆ ಮೂರನೇ ಉಪದೇಶ, ‘ಮೂರು ತಿಂಗಳಿಗೊಮ್ಮೆ ಪರಿಶೀಲಿಸಿ’. ಇದು ನಡೆಯೋದು ಹೇಗೆ ಅಂದ್ರೆ, ಮ್ಯಾನೇಜರ್‌ಗೆ ನಾನೂರು ಸಾಲಿನ ಎಕ್ಸೆಲ್ ಬರುತ್ತೆ. ಒಂದೊಂದು ಸಾಲಿನಲ್ಲೂ ಒಂದು ಹೆಸರು, ಒಂದು ಗ್ರೂಪ್. ಗ್ರೂಪ್‌ನ ಹೆಸರು ಬೀಜಗಣಿತದ ಸೂತ್ರದ ಹಾಗಿರುತ್ತೆ. ಅದು ಯಾವ ಫೋಲ್ಡರ್ ತೆರೆಯುತ್ತೆ ಅಂತ ಅದನ್ನು ಮಾಡಿದವನಿಗೆ ಮಾತ್ರ ಗೊತ್ತು, ಅವನು ಈಗ ಕೆನಡಾದಲ್ಲಿದ್ದಾನೆ. ಯಾವುದನ್ನಾದರೂ ತೆಗೆದರೆ ಏನೋ ನಿಂತುಹೋಗುತ್ತೆ ಅನ್ನೋ ಭಯ. ‘ಅಪ್ರೂವ್ ಆಲ್’. ಹೀಗಾಗಿ ಕಂಪನಿಯಲ್ಲಿ ಅತಿ ಹೆಚ್ಚು ಆಕ್ಸೆಸ್ ಇರೋದು ಸಿಇಒಗೆ ಅಂತ ನೀವು ಅಂದುಕೊಂಡಿದ್ರೆ ತಪ್ಪು. ಹತ್ತು ವರ್ಷದಲ್ಲಿ ಐದು ಟೀಮ್ ಬದಲಾಯಿಸಿದ ಸೀನಿಯರ್ ಇಂಜಿನಿಯರ್‌ಗೆ. ಹೋದಲ್ಲೆಲ್ಲ ಕೀಲಿ ಕೊಟ್ಟಿರ್ತಾರೆ, ಬಿಟ್ಟಲ್ಲಿ ಯಾರೂ ಕೇಳಿರಲ್ಲ. ಅವನ ಲ್ಯಾಪ್‌ಟಾಪ್‌ಗೆ ರಾನ್ಸಮ್‌ವೇರ್ ಹೊಕ್ಕಿತೋ, ಅವನಿಗೆ ಬರೆಯುವ ಹಕ್ಕಿರುವ ಐದೂ ಟೀಮ್‌ಗಳ ಫೈಲು ಅದರ ಬಾಯಿಗೆ.

ನಮ್ಮ ಬಯಲುಸೀಮೆ ಊರುಗಳ ಕೆರೆಗೆ ನೀರುಗಂಟಿ ಅಂತ ಒಬ್ಬರಿರುತ್ತಿದ್ದರು. ಈಗ ಕೆರೆಯಲ್ಲಿ ನೀರಿಲ್ಲ, ನೀರುಗಂಟಿಯೂ ಅಪರೂಪ, ಅದು ಬೇರೆ ಕಥೆ. ತೂಬು ಎತ್ತುವುದು, ಇಳಿಸುವುದು ಅವರೊಬ್ಬರ ಕೆಲಸ. ಅವರು ಐಟಿ ಇಲಾಖೆಯವರಲ್ಲ ನೋಡಿ, ಅಲ್ಲೇ ಇದೆ ವಿಷಯ. ಯಾರ ಗದ್ದೆ ಎಲ್ಲಿದೆ, ಯಾವ ಪೈರಿಗೆ ಇನ್ನೆಷ್ಟು ನೀರು ಬೇಕು, ಈ ವರ್ಷ ಕೆರೆಯಲ್ಲಿ ಎಷ್ಟಿದೆ, ಎಲ್ಲ ಅವರ ತಲೆಯಲ್ಲಿರುತ್ತಿತ್ತು. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಅವರಿಗೆ ಕಾಳು ಸಲ್ಲುತ್ತಿತ್ತು. ತೂಬು ಎತ್ತೋದಕ್ಕೆ ಎಷ್ಟು ಗೌರವವೋ ಇಳಿಸೋದಕ್ಕೂ ಅಷ್ಟೇ. ಅದೇನು ರಾಮರಾಜ್ಯ ಅಂತ ನಾನು ಹೇಳ್ತಿಲ್ಲ, ಕೆಳಗದ್ದೆಯವರ ಜಗಳ, ಜಾತಿಯ ಲೆಕ್ಕ ಎಲ್ಲ ಇದ್ದವು. ಆದ್ರೆ ‘ಇಳಿಸು’ ಅನ್ನೋದು ಒಬ್ಬ ಮನುಷ್ಯನ ಕೆಲಸ ಅಂತ ಊರಿಗೆ ಗೊತ್ತಿತ್ತು. ನಮ್ಮ ಶೇರ್ಡ್ ಡ್ರೈವ್‌ಗಳಲ್ಲಿ ಎತ್ತೋಕೆ ನೂರು ಜನ, ಇಳಿಸೋಕೆ ಯಾರೂ ಇಲ್ಲ. ಪ್ರತಿ ಫೋಲ್ಡರ್‌ಗೂ ಅದರ ಒಳಗಿರುವುದನ್ನು ಬಲ್ಲ ಒಬ್ಬ ಒಡೆಯ ಬೇಕು. ಸಂಬಳದ ಫೋಲ್ಡರ್‌ಗೆ ಸಂಬಳ ಮಾಡುವವರು, ಟೆಂಡರ್ ಫೋಲ್ಡರ್‌ಗೆ ಟೆಂಡರ್ ಬರೆಯುವವರು. ಅವರ ಒಪ್ಪಿಗೆ ಇಲ್ಲದೆ ಹೆಲ್ಪ್‌ಡೆಸ್ಕ್ ಬಟನ್ ಒತ್ತುವ ಹಾಗಿರಬಾರದು. ಒಡೆಯ ಕಂಪನಿ ಬಿಟ್ಟರೆ ಫೋಲ್ಡರ್ ಬೇರೊಬ್ಬರ ಹೆಸರಿಗೆ ಆಗಬೇಕು, ಜಮೀನಿನ ಖಾತೆ ಬದಲಾದ ಹಾಗೆ.

‘ಇದೆಲ್ಲ ಅಡ್ಮಿನ್‌ಗಳ ತಲೆನೋವು, ನಮಗೇನು’ ಅಂತ ಇಲ್ಲಿ ತನಕ ಓದಿದವರಲ್ಲಿ ಯಾರಾದ್ರೂ ಅಂದುಕೊಂಡಿದ್ರೆ, ನೀವು ಕೆಲಸಕ್ಕೆ ಸೇರಿದ ವಾರ ನೆನಪು ಮಾಡಿಕೊಳ್ಳಿ. ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡ್, ಹಿಂದಿನ ಕಂಪನಿಯ ಮೂರು ತಿಂಗಳ ಪೇ ಸ್ಲಿಪ್, ಮದುವೆಯಾಗಿದ್ರೆ ಅದರ ಸರ್ಟಿಫಿಕೇಟು, ಆಮೇಲೆ ಯಾವತ್ತೋ ಅಮ್ಮನ ಆಪರೇಷನ್‌ನ ಬಿಲ್ಲು, ಡಿಸ್ಚಾರ್ಜ್ ಸಮರಿ. ಎಲ್ಲ ಸ್ಕ್ಯಾನ್ ಮಾಡಿ ಕಳಿಸಿದ್ರಲ್ಲ, ಈಗ ಅವು ಎಲ್ಲಿವೆ? ನಾನು ಹಿಂದೆ ಇದ್ದ ಒಂದು ಕಡೆ, ಹೊಸಬರ ಇಂಥ ಕಾಗದಗಳೆಲ್ಲ ಒಂದು ಶೇರ್‌ನಲ್ಲಿದ್ದವು. ಬ್ರೌಸ್ ಮಾಡಿದರೆ ಕಾಣುತ್ತಿರಲಿಲ್ಲ, ಹಾಗಾಗಿ ಭದ್ರ ಅಂತ ಎಲ್ಲರೂ ನಂಬಿದ್ದರು. ಹೆಸರಿನ ಕೊನೆಗೆ ಒಂದು ಡಾಲರ್ ಚಿಹ್ನೆ ಹಾಕಿದರೆ ವಿಂಡೋಸ್ ಶೇರ್ ಪಟ್ಟಿಯಲ್ಲಿ ಕಾಣಲ್ಲ, ಅಷ್ಟೇ ಅದರ ಗುಟ್ಟು. ಪಾತ್ ಗೊತ್ತಿದ್ದವರು ಟೈಪ್ ಮಾಡಿದರೆ ನೇರ ಒಳಗೆ. ಪಾತ್ ಎಷ್ಟು ಜನಕ್ಕೆ ಗೊತ್ತಿತ್ತು? ಸ್ವಾಗತದ ಇಮೇಲ್‌ನಲ್ಲೇ ಇತ್ತು, ‘ಸ್ಕ್ಯಾನ್‌ಗಳನ್ನು ಇಲ್ಲಿ ಹಾಕಿ’ ಅಂತ. ಪ್ರತಿಯೊಬ್ಬ ಹೊಸಬನೂ ಹಾಕಬೇಕಲ್ಲ, ಅದಕ್ಕೆ ಎಲ್ಲರಿಗೂ ಬರೆಯುವ ಅನುಮತಿ. ಬರೆಯುವ ಅನುಮತಿಯ ಜೊತೆ ಓದುವುದೂ ಉಚಿತವಾಗಿ ಬಂದಿತ್ತು. ಹಾಕಲು ಬಿಡಬೇಕು, ನೋಡಲು ಬಿಡಬಾರದು ಅನ್ನೋ ಡ್ರಾಪ್ ಬಾಕ್ಸ್ ಥರದ ಏರ್ಪಾಡು ಎನ್‌ಟಿಎಫ್‌ಎಸ್‌ನಲ್ಲಿ ಸಾಧ್ಯ ಇದೆ, ಅಂಚೆ ಡಬ್ಬಿಯ ಹಾಗೆ. ದೇವಸ್ಥಾನದ ಹುಂಡಿಗೆ ನಾವು ಯಾವತ್ತೋ ಕಂಡುಹಿಡಿದಿದ್ದು ಅದನ್ನೇ. ಜೊತೆಯಲ್ಲಿ ಕೆಲಸ ಮಾಡುವ ಹುಡುಗಿಯ ಮನೆ ವಿಳಾಸ, ಫೋನ್ ನಂಬರು ಯಾರ ಕಣ್ಣಿಗೆ ಬೇಕಾದ್ರೂ ಬೀಳಬಹುದು ಅಂದ್ರೆ ಅದು ‘ಕಾನ್ಫಿಗರೇಷನ್ ಇಶ್ಯೂ’ ಅಂತ ಟಿಕೆಟ್ ಮುಚ್ಚುವ ವಿಷಯವಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಸರಿಯಾದ ಭದ್ರತೆ ಇಡದೆ ಮಾಹಿತಿ ಸೋರಿಹೋದರೆ 250 ಕೋಟಿ ರೂಪಾಯಿ ತನಕ ದಂಡ ಹಾಕುವ ಅವಕಾಶ ಇದೆ. ಇದನ್ನು ಕಂಡು ಕಂಪನಿಗಳು ಏನು ಮಾಡ್ತವೆ ಅಂತ ಊಹಿಸಬಲ್ಲೆ. ಇನ್ನೊಂದು ಬೆಸ್ಟ್ ಪ್ರಾಕ್ಟೀಸ್ ಡಾಕ್ಯುಮೆಂಟ್ ಬರೀತವೆ, ಹತ್ತು ಪ್ರಶ್ನೆಯ ಕ್ವಿಜ್ ಕಡ್ಡಾಯ ಮಾಡ್ತವೆ.

ನನ್ನ ಕೈಗೆ ಕೊಟ್ರೆ ಆ ಡಾಕ್ಯುಮೆಂಟನ್ನು ಅರ್ಧ ಪುಟಕ್ಕೆ ಇಳಿಸ್ತೀನಿ. ಆಕ್ಸೆಸ್ ಕೇಳುವ ಫಾರ್ಮ್‌ನಲ್ಲೇ ಮುಗಿಯುವ ದಿನಾಂಕ ಇರಬೇಕು, ಖಾಲಿ ಬಿಟ್ಟರೆ ಫಾರ್ಮ್ ಮುಂದೆ ಹೋಗಬಾರದು. ದಿನ ಬಂದಾಗ ತಾನಾಗೇ ಹೋಗಬೇಕು, ಬೇಕಿದ್ದವರು ಮತ್ತೆ ಕೇಳಲಿ. ತಪ್ಪಾಗಿ ತೆಗೆದಿದ್ದನ್ನು ಐದು ನಿಮಿಷದಲ್ಲಿ ವಾಪಸ್ ಕೊಡುವ ದಾರಿ ಇರಬೇಕು. ಅದಿಲ್ಲದ ಕಡೆ ಯಾರೂ ಧೈರ್ಯವಾಗಿ ತೆಗೆಯಲ್ಲ. ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಕಂತೇನಿಲ್ಲ, ಆಕ್ಟಿವ್ ಡೈರೆಕ್ಟರಿಯಲ್ಲೇ 2016ರ ಆವೃತ್ತಿಯಿಂದ ಗ್ರೂಪ್ ಸದಸ್ಯತ್ವಕ್ಕೆ ಅವಧಿ ಹಾಕುವ ಸೌಲಭ್ಯ ಇದೆ. ಬಳಸುವವರನ್ನು ಬೆರಳಲ್ಲಿ ಎಣಿಸಬಹುದು. ಶೇರ್‌ಪಾಯಿಂಟ್‌ನ ಅಡ್ಮಿನ್ ಪುಟದಲ್ಲೂ ‘ಲಿಂಕ್ ಇದ್ದ ಯಾರಾದ್ರೂ’ ಬಗೆಯ ಲಿಂಕ್‌ಗಳು ಎಷ್ಟು ದಿನಕ್ಕೆ ಸಾಯಬೇಕು ಅಂತ ಒಂದು ಸಣ್ಣ ಡಬ್ಬಿ ಇದೆ, ಅಂಕಿ ತುಂಬೋಕೆ. ನಾಳೆ ಕಾಫಿ ಮೆಷಿನ್ ಹತ್ರ ನಿಮ್ಮ ಅಡ್ಮಿನ್ ಸಿಕ್ಕರೆ, ಅಲ್ಲಿ ಯಾವ ಅಂಕಿ ಇದೆ ಅಂತ ಕೇಳಿ ನೋಡಿ.